ತೂಕ ಇಳಿಕೆಯ ಶಸ್ತ್ರಚಿಕಿತ್ಸೆಯ ಅನಂತರ ಕುತ್ತಿಗೆಯ ಶಸ್ತ್ರಚಿಕಿತ್ಸೆ: ನಿರ್ಧಾರಕ್ಕೆ ಮೊದಲು ಬೇರ್ಪಡಿಸಬೇಕಾದ ಕಾರಣಗಳು

1. ವ್ಯಾಪ್ತಿ ಮತ್ತು ಪದಬಳಕೆ

ತೂಕ ಇಳಿಸಲು ಜಠರದ (ಬೇರಿಯಾಟ್ರಿಕ್) ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಕೆಲವರಿಗೆ ಮುಂದೆ ಕುತ್ತಿಗೆ ನೋವು, ಕೈ ಜೋಮು ಅಥವಾ ನಡಿಗೆಯ ತೊಡಕು ಕಾಣಿಸಿಕೊಳ್ಳುತ್ತದೆ. ಎಂಆರ್‌ಐಯಲ್ಲಿ ಡಿಸ್ಕ್ ಉಬ್ಬಿರುವುದು ಕಂಡರೆ, ಕುತ್ತಿಗೆಗೆ ಶಸ್ತ್ರಚಿಕಿತ್ಸೆ ಬೇಕೇ ಎಂಬ ಪ್ರಶ್ನೆ ಏಳುತ್ತದೆ. ಈ ಟಿಪ್ಪಣಿ ಆ ಪ್ರಶ್ನೆಗೆ ಸೀಮಿತ. ಸಡಿಲಗೊಂಡ ಕತ್ತಿನ ಚರ್ಮವನ್ನು ಬಿಗಿಗೊಳಿಸುವ ಸೌಂದರ್ಯ ಚಿಕಿತ್ಸೆ ಇಲ್ಲಿನ ವಿಷಯವಲ್ಲ.

‘ಬೈಪಾಸ್’ ಎಂದರೆ ಜಠರದ ಸಣ್ಣ ಚೀಲವೊಂದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುವ ಕ್ರಮ. ‘ಸ್ಲೀವ್’ ಎಂದರೆ ಜಠರದ ಬಹುಭಾಗವನ್ನು ತೆಗೆದು ಕೊಳವೆಯಷ್ಟನ್ನೇ ಉಳಿಸುವ ಕ್ರಮ. ‘ಕುತ್ತಿಗೆಯ ಶಸ್ತ್ರಚಿಕಿತ್ಸೆ’ ಎಂದಲ್ಲಿ ಮುಖ್ಯವಾಗಿ ಎಸಿಡಿಎಫ್ ಉದ್ದಿಷ್ಟ: ಕತ್ತಿನ ಮುಂಭಾಗದಿಂದ ಡಿಸ್ಕ್ ತೆಗೆದು ಎರಡು ಕಶೇರುಮಣಿಗಳನ್ನು ಬೆಸೆಯುವುದು. ಇವುಗಳ ಆರಂಭದ ವರ್ಷಗಳು ಗ್ರಂಥಗಳಲ್ಲಿ ಒಂದೇ ತೆರನಾಗಿ ದೊರೆಯುವುದಿಲ್ಲ. ಅಯೋವಾದ ಮೇಸನ್ ಅವರ ಜಠರ ಬೈಪಾಸಿಗೆ ಕೆಲವರು 1966 ಎಂದೂ ಕೆಲವರು 1967 ಎಂದೂ ಬರೆಯುತ್ತಾರೆ. ಮೊದಲನೆಯದು ಶಸ್ತ್ರಕ್ರಿಯೆ ನಡೆದ ವರ್ಷ, ಎರಡನೆಯದು ಮೇಸನ್ ಮತ್ತು ಇಟೊ ಅವರ ಲೇಖನ ಪ್ರಕಟವಾದ ವರ್ಷ. ಸ್ಮಿತ್ ಮತ್ತು ರಾಬಿನ್ಸನ್ ಅವರ ಕುತ್ತಿಗೆ ಬೆಸುಗೆಗೆ 1955, 1958 ಎರಡೂ ಉಲ್ಲೇಖಗಳಿವೆ; ಮೊದಲನೆಯದು ಆರಂಭಿಕ ವರದಿ, ಎರಡನೆಯದು ವಿಸ್ತೃತ ಲೇಖನ.

ನಮ್ಮಲ್ಲಿ ಕುತ್ತಿಗೆಯ ಎಲ್ಲ ತೊಂದರೆಗೂ ‘ಸ್ಪಾಂಡಿಲೈಟಿಸ್’ ಎಂಬ ಒಂದೇ ಮಾತು ಬಳಕೆಯಲ್ಲಿದೆ. ನಿರ್ಧಾರದ ದೃಷ್ಟಿಯಿಂದ ಅದರೊಳಗೆ ಕನಿಷ್ಠ ಮೂರು ಸ್ಥಿತಿಗಳನ್ನು ಬೇರೆ ಮಾಡಬೇಕಾಗುತ್ತದೆ: ಬರಿಯ ಕುತ್ತಿಗೆ ನೋವು, ತೋಳಿಗೆ ಇಳಿಯುವ ನರದ ಬುಡ ಒತ್ತಿಕೊಂಡಿರುವುದು, ಬೆನ್ನುಹುರಿಯೇ ಒತ್ತಿಕೊಂಡಿರುವುದು. ಮುಂದಿನ ಚರ್ಚೆ ಬಹುತೇಕ ಕೊನೆಯ ಎರಡಕ್ಕೆ ಸಂಬಂಧಿಸಿದ್ದು.

2. ಚಿತ್ರದ ಸಾಕ್ಷ್ಯದ ಮಿತಿ

ಬೋಡನ್ ಮತ್ತು ಸಂಗಡಿಗರು 1990ರಲ್ಲಿ ಯಾವ ತೊಂದರೆಯೂ ಇಲ್ಲದ 63 ಮಂದಿಯ ಕುತ್ತಿಗೆಯ ಎಂಆರ್‌ಐ ಪರಿಶೀಲಿಸಿದರು. ಶೇ. 19 ಮಂದಿಯಲ್ಲಿ ದೋಷ ಕಂಡಿತು. 40 ವರ್ಷಕ್ಕಿಂತ ಕೆಳಗಿನವರಲ್ಲಿ ಶೇ. 14, ಮೇಲಿನವರಲ್ಲಿ ಶೇ. 28. ನಕಾಶಿಮಾ ಮತ್ತು ಸಂಗಡಿಗರು 2015ರಲ್ಲಿ ವರದಿ ಮಾಡಿದ 1,211 ಆರೋಗ್ಯವಂತ ಜಪಾನೀಯರಲ್ಲಿ ಶೇ. 87.6 ಮಂದಿಗೆ ಡಿಸ್ಕ್ ಉಬ್ಬಿತ್ತು, ಶೇ. 5.3 ಮಂದಿಗೆ ಬೆನ್ನುಹುರಿ ಒತ್ತಿಕೊಂಡಿತ್ತು. ಎರಡು ಅಧ್ಯಯನಗಳ ನಡುವಿನ ದೊಡ್ಡ ಅಂತರಕ್ಕೆ ‘ದೋಷ’ದ ವ್ಯಾಖ್ಯೆ ಬೇರೆಯಾಗಿದ್ದುದು, ಯಂತ್ರಗಳು ಸುಧಾರಿಸಿದ್ದು ಎರಡೂ ಕಾರಣವಿರಬಹುದು. ಉಬ್ಬಿದ ಡಿಸ್ಕ್ ಒಂದನ್ನೇ ಶಸ್ತ್ರಚಿಕಿತ್ಸೆಗೆ ಆಧಾರ ಮಾಡಿಕೊಳ್ಳಲಾಗದು ಎಂಬಷ್ಟನ್ನು ಇವುಗಳಿಂದ ಹೇಳಬಹುದು.

3. ಕೈ ಜೋಮಿನ ಮೂಲ

ಮೇಯೊ ಕ್ಲಿನಿಕ್‌ನಿಂದ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಾದ 435 ಮಂದಿಯ ಪೈಕಿ 71 ಮಂದಿಗೆ, ಅಂದರೆ ಶೇ. 16ರಷ್ಟು ಜನರಿಗೆ, ನರಗಳ ತೊಂದರೆ ಕಾಣಿಸಿಕೊಂಡಿತು. ಹೋಲಿಕೆಗೆ ಆರಿಸಿದ್ದ ಪಿತ್ತಕೋಶದ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ಇದು ಸುಮಾರು ಶೇ. 3 ಮಾತ್ರ. 71ರಲ್ಲಿ 39 ಮಂದಿಯದು ಒಂದೇ ನರದ ತೊಂದರೆ. ಅದರಲ್ಲಿ ಪ್ರಮುಖವಾದದ್ದು ಮಣಿಕಟ್ಟಿನ ನರ ಒತ್ತಿಕೊಳ್ಳುವ ಕಾರ್ಪಲ್ ಟನಲ್. ಹೆಬ್ಬೆರಳು, ತೋರುಬೆರಳುಗಳ ಜೋಮು ಕುತ್ತಿಗೆಯ ಆರನೆಯ ನರದಿಂದಲೂ ಬರುತ್ತದೆ, ಮಣಿಕಟ್ಟಿನಿಂದಲೂ ಬರುತ್ತದೆ. ಆದ್ದರಿಂದ ಈ ಗುಂಪಿನವರಲ್ಲಿ ಕುತ್ತಿಗೆಯ ಚಿತ್ರ ಎಷ್ಟೇ ಸ್ಪಷ್ಟವಾಗಿರಲಿ, ನರವಾಹಕತೆಯ ಪರೀಕ್ಷೆಯನ್ನು ಬಿಡುವುದಕ್ಕೆ ಸಮರ್ಥನೆ ಕಾಣುವುದಿಲ್ಲ.

4. ಬೆನ್ನುಹುರಿಯ ಲಕ್ಷಣಗಳು: ಒತ್ತಡವೋ ಕೊರತೆಯೋ

4.1. ನಡಿಗೆ ತೊಡರುವುದು, ಅಂಗಿಯ ಗುಂಡಿ ಹಾಕಲು ಬೆರಳು ಒಗ್ಗದಿರುವುದು, ಮೊಣಕಾಲಿನ ಪ್ರತಿವರ್ತನೆ ಹೆಚ್ಚಾಗಿರುವುದು: ಇವೆಲ್ಲ ಬೆನ್ನುಹುರಿಯ ಒತ್ತಡದಲ್ಲಿ ಕಾಣುವ ಲಕ್ಷಣಗಳು. ವಿಟಮಿನ್ ಬಿ12 ಕೊರತೆಯಲ್ಲೂ ತಾಮ್ರದ ಕೊರತೆಯಲ್ಲೂ ಇವೇ ಕಾಣಬಹುದು. ಜಠರ ಮತ್ತು ಸಣ್ಣಕರುಳಿನ ಮೇಲ್ಭಾಗದ ರಚನೆ ಬದಲಾದವರಲ್ಲಿ ಈ ಎರಡು ಕೊರತೆಗಳೂ ನಿರೀಕ್ಷಿತ. ಪ್ರಸ್ತುತ ಪ್ರಶ್ನೆಯ ತಿರುಳು ಇದೇ ಎಂದು ತೋರುತ್ತದೆ.

4.2. ತಾಮ್ರದ ಕೊರತೆಯಿಂದ ಬೆನ್ನುಹುರಿ ಕೆಡುತ್ತದೆಂಬುದು ಮೊದಲು ಗೊತ್ತಾದದ್ದು ಕುರಿಮರಿಗಳಲ್ಲಿ. ಪಶ್ಚಿಮ ಆಸ್ಟ್ರೇಲಿಯಾದ ಮರಿಗಳ ತೂರಾಟಕ್ಕೆ ತಾಮ್ರದ ಕೊರತೆಯನ್ನು ಬೆನೆಟ್ಸ್ ಮತ್ತು ಚಾಪ್‌ಮನ್ 1937ರಲ್ಲಿ ಜೋಡಿಸಿದರು. ಮನುಷ್ಯರಲ್ಲಿ ಅದನ್ನು ಸ್ಪಷ್ಟವಾಗಿ ಗುರುತಿಸಿದ್ದು ಬಹಳ ತಡವಾಗಿ. ಮೇಯೊ ಕ್ಲಿನಿಕ್‌ನ ನೀರಜ್ ಕುಮಾರ್ ಮತ್ತು ಸಹೋದ್ಯೋಗಿಗಳ 2004ರ ಲೇಖನ ಈ ಚಿತ್ರವು ಬಿ12 ಕೊರತೆಯದನ್ನು ಹೋಲುತ್ತದೆಂದು ಸ್ಥಾಪಿಸಿತು. ಅದಕ್ಕೂ ಮೊದಲು, 2001ರಲ್ಲಿ, ಇಂಥದೇ ಒಂದು ಪ್ರಕರಣ ವರದಿಯಾಗಿತ್ತು. 2004ಕ್ಕಿಂತ ಹಿಂದಿನ ಕುತ್ತಿಗೆ ಶಸ್ತ್ರಚಿಕಿತ್ಸೆಯ ಸಾಹಿತ್ಯದಲ್ಲಿ ‘ಫಲ ಕೊಡದ’ ಪ್ರಕರಣಗಳನ್ನು ಓದುವಾಗ ಈ ವರ್ಷವನ್ನು ನೆನಪಿಡುವುದು ಒಳ್ಳೆಯದು.

4.3. ಸತುವಿನ ಪಾತ್ರ ವಿಶೇಷ ಗಮನಕ್ಕೆ ಅರ್ಹ. ತೂಕ ವೇಗವಾಗಿ ಇಳಿಯುವ ತಿಂಗಳುಗಳಲ್ಲಿ ಕೂದಲು ಉದುರುತ್ತದೆ. ಅದಕ್ಕೆಂದು ಸತುವಿನ ಗುಳಿಗೆಯನ್ನು ತಾವಾಗಿಯೇ ದೀರ್ಘಕಾಲ ನುಂಗುವವರಿದ್ದಾರೆ. ಹೆಚ್ಚಿನ ಸತು ಕರುಳಿನ ಕೋಶಗಳಲ್ಲಿ ಮೆಟಲೊಥಯೊನೀನ್ ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ. ತಾಮ್ರ ಅದಕ್ಕೆ ಅಂಟಿಕೊಂಡು ರಕ್ತಕ್ಕೆ ಸೇರದೆ ಹೊರಹೋಗುತ್ತದೆ. ಅಮೆರಿಕದ ಬೇರಿಯಾಟ್ರಿಕ್ ಸಂಘದ 2016ರ ಪೋಷಕಾಂಶ ಮಾರ್ಗಸೂಚಿ ಪ್ರತಿ 8ರಿಂದ 15 ಮಿಗ್ರಾಂ ಸತುವಿಗೆ 1 ಮಿಗ್ರಾಂ ತಾಮ್ರ ಇರಬೇಕೆನ್ನುತ್ತದೆ. ದಿನಕ್ಕೆ 50 ಮಿಗ್ರಾಂ ಸತು ಸೇವಿಸುವವರಿಗೆ ಆ ಲೆಕ್ಕದಲ್ಲಿ ಕನಿಷ್ಠ 3.3 ಮಿಗ್ರಾಂ ತಾಮ್ರ ಬೇಕಾಗುತ್ತದೆ. ರೋಗಿಯನ್ನು ‘ಯಾವ ಔಷಧ ತೆಗೆದುಕೊಳ್ಳುತ್ತೀರಿ’ ಎಂದಷ್ಟೇ ಕೇಳಿದರೆ ಈ ಗುಳಿಗೆಯ ಹೆಸರು ಬಾರದಿರಬಹುದು. ‘ಕೂದಲಿಗೆ ಏನು ತೆಗೆದುಕೊಳ್ಳುತ್ತೀರಿ’ ಎಂದು ಪ್ರತ್ಯೇಕವಾಗಿ ಕೇಳುವುದು ಲೇಸು.

4.4. ಬಿ12 ವಿಷಯದಲ್ಲಿ ಭಾರತೀಯ ರೋಗಿಗಳ ಆರಂಭದ ನೆಲೆಯೇ ಬೇರೆ. ಪುಣೆಯ ಯಾಜ್ಞಿಕ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 441 ಮಧ್ಯವಯಸ್ಕ ಪುರುಷರ ಪೈಕಿ ಶೇ. 67 ಮಂದಿಯ ಬಿ12 ಮಟ್ಟ ಲೀಟರಿಗೆ 150 ಪಿಕೊಮೋಲ್‌ಗಿಂತ ಕಡಿಮೆಯಿತ್ತು. ಇವರು ಯಾರೂ ಜಠರದ ಶಸ್ತ್ರಚಿಕಿತ್ಸೆಯ ರೋಗಿಗಳೆಂದು ಆಯ್ಕೆಯಾದವರಲ್ಲ. ಯಕೃತ್ತಿನ ಸಂಗ್ರಹದಿಂದಾಗಿ ಕೊರತೆಯ ಲಕ್ಷಣಗಳು ಹಲವು ವರ್ಷ ತಡವಾಗಿ ಕಾಣುತ್ತವೆ ಎಂಬ ಪಠ್ಯಪುಸ್ತಕದ ಮಾತು, ಸಂಗ್ರಹ ಮೊದಲೇ ಬರಿದಾಗಿರುವ ಸಸ್ಯಾಹಾರಿಗಳಿಗೆ ಅನ್ವಯಿಸದಿರಬಹುದು. ಏಕಮಾನದ ಬಗ್ಗೆ ಒಂದು ಎಚ್ಚರಿಕೆ: ನಮ್ಮ ಪ್ರಯೋಗಾಲಯಗಳ ವರದಿಗಳು ಸಾಮಾನ್ಯವಾಗಿ ಮಿಲಿಲೀಟರಿಗೆ ಪಿಕೊಗ್ರಾಂನಲ್ಲಿ ಬರುತ್ತವೆ; 150 ಪಿಕೊಮೋಲ್ ಅಲ್ಲಿ ಸುಮಾರು 203 ಆಗುತ್ತದೆ. ಅಂಕಿಗಳನ್ನು ಪರಿವರ್ತಿಸದೆ ಹೋಲಿಸಿದರೆ ಕೊರತೆಯುಳ್ಳವರೂ ಸಹಜರಂತೆ ಕಾಣುತ್ತಾರೆ. ಗಡಿಯಂಚಿನ ಫಲಿತಾಂಶವಿದ್ದಾಗ ಮೀಥೈಲ್‌ಮಲೋನಿಕ್ ಆಮ್ಲ ಮತ್ತು ಹೋಮೊಸಿಸ್ಟೀನ್ ಪರೀಕ್ಷೆಗಳು ನೆರವಾಗುತ್ತವೆ.

4.5. ಬೇರ್ಪಡಿಸುವ ಸುಳಿವುಗಳಿವೆ, ಆದರೆ ಯಾವುದೂ ಏಕಾಂಗಿಯಾಗಿ ನಿರ್ಣಾಯಕವಲ್ಲ. ಕಣ್ಣು ಮುಚ್ಚಿ ಮುಖ ತೊಳೆಯುವಾಗ ತೂರಾಡುವುದು, ಕತ್ತಲಲ್ಲಿ ನಡೆಯಲು ಅಂಜುವುದು, ಹವಾಯಿ ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯದೆ ಹೋಗುವುದು ಕೊರತೆಯ ಕಡೆಗೆ ಹೆಚ್ಚು ವಾಲುತ್ತವೆ. ಮೊಣಕಾಲಿನ ಪ್ರತಿವರ್ತನೆ ಹೆಚ್ಚಾಗಿದ್ದು ಹಿಮ್ಮಡಿಯದು ಇಲ್ಲವಾಗಿದ್ದರೆ, ಬೆನ್ನುಹುರಿಯೂ ಹೊರಗಿನ ನರಗಳೂ ಒಟ್ಟಿಗೆ ಕೆಟ್ಟಿರುವುದರಿಂದ, ಅನುಮಾನ ಇನ್ನಷ್ಟು ಬಲವಾಗುತ್ತದೆ. ಎಂಆರ್‌ಐಯ ಅಡ್ಡಸೀಳಿನಲ್ಲಿ ಬೆನ್ನುಹುರಿಯ ಹಿಂಭಾಗದಲ್ಲಿ ತಲೆಕೆಳಗಾದ ‘ವಿ’ಯಂಥ ಬಿಳಿ ಗುರುತು, ಅದೂ ಡಿಸ್ಕಿನ ಮಟ್ಟಕ್ಕೆ ಸೀಮಿತವಾಗದೆ ಹಲವು ಮಣಿಗಳುದ್ದಕ್ಕೂ ಹಬ್ಬಿರುವುದು, ಬಿ12 ಮತ್ತು ತಾಮ್ರ ಎರಡರ ಕೊರತೆಯಲ್ಲೂ ವರ್ಣಿತವಾಗಿದೆ. ಗುರುತು ಇಲ್ಲದಿದ್ದ ಮಾತ್ರಕ್ಕೆ ಕೊರತೆ ಇಲ್ಲವೆನ್ನಲಾಗದು. ತಾಮ್ರದ ಕೊರತೆಯಲ್ಲಿ ರಕ್ತಹೀನತೆಯೊಡನೆ ಬಿಳಿ ರಕ್ತಕಣಗಳ ಇಳಿಕೆಯೂ ಇರಬಹುದು. ಚಿಕಿತ್ಸೆಯಿಂದ ರಕ್ತ ಸರಿಹೋಗುತ್ತದೆ; ನರಗಳ ಚೇತರಿಕೆ ಹಲವರಲ್ಲಿ ಭಾಗಶಃ ಮಾತ್ರ. ವಿಳಂಬದ ಬೆಲೆ ಅಲ್ಲಿದೆ.

4.6. 2017ರ ಎಒ ಸ್ಪೈನ್ ಮಾರ್ಗಸೂಚಿ ಬೆನ್ನುಹುರಿಯ ಒತ್ತಡದ ತೀವ್ರತೆಯನ್ನು 18 ಅಂಕಗಳ ಎಂಜೆಒಎ ಮಾನದಿಂದ ಅಳೆಯುತ್ತದೆ: 15ರಿಂದ 17 ಸೌಮ್ಯ, 12ರಿಂದ 14 ಮಧ್ಯಮ, 11 ಮತ್ತು ಕೆಳಗೆ ತೀವ್ರ. ಮಧ್ಯಮ ಮತ್ತು ತೀವ್ರ ಸ್ಥಿತಿಗೆ ಶಸ್ತ್ರಚಿಕಿತ್ಸೆ ಶಿಫಾರಸಾಗಿದೆ. ಸೌಮ್ಯ ಸ್ಥಿತಿಗೆ ಶಸ್ತ್ರಚಿಕಿತ್ಸೆ ಅಥವಾ ಮೇಲ್ವಿಚಾರಣೆಯ ಪುನಶ್ಚೇತನ. ಲಕ್ಷಣವೇ ಇಲ್ಲದ ಒತ್ತಡಕ್ಕೆ ಮುನ್ನೆಚ್ಚರಿಕೆಯ ಶಸ್ತ್ರಚಿಕಿತ್ಸೆ ಇಲ್ಲ. ಇಲ್ಲೊಂದು ಮಿತಿಯನ್ನು ಗುರುತಿಸಬೇಕು. ಈ ಮಾನ ಅಳೆಯುವುದು ಅಶಕ್ತತೆಯನ್ನು, ಕಾರಣವನ್ನಲ್ಲ. ಬಿ12 ಕೊರತೆಯ ರೋಗಿಯೂ 12 ಅಂಕ ಪಡೆಯಬಲ್ಲ. ಬೇರಿಯಾಟ್ರಿಕ್ ಹಿನ್ನೆಲೆಯವರಿಗೆ ಈ ಅಂಕವನ್ನು ಅನ್ವಯಿಸುವ ಮುನ್ನ ಕಾರಣದ ಪ್ರಶ್ನೆ ಬಗೆಹರಿದಿರಬೇಕು.

5. ‘ಔಷಧದಿಂದ ಗುಣವಾಗಲಿಲ್ಲ’ ಎಂಬ ದಾಖಲೆ

ನರದ ಬುಡದ ನೋವಿಗೆ ಶಸ್ತ್ರಚಿಕಿತ್ಸೆಯನ್ನು ಸೂಚಿಸುವ ಮುನ್ನ ಔಷಧ ಮತ್ತು ಫಿಸಿಯೊಥೆರಪಿ ವಿಫಲವಾಗಿರಬೇಕು ಎಂಬುದು ರೂಢಿ. ಆದರೆ ಬೈಪಾಸ್ ಆದವರಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವುನಿವಾರಕಗಳನ್ನು ಜಠರ-ಕರುಳಿನ ಜೋಡಣೆಯಲ್ಲಿ ಹುಣ್ಣಾಗುವ ಭಯದಿಂದ ನಿಷೇಧಿಸಲಾಗುತ್ತದೆ. ಪ್ರಿಗ್ಯಾಬಲಿನ್ ತೂಕ ಹೆಚ್ಚಿಸಬಲ್ಲದಾದ್ದರಿಂದ ರೋಗಿಗಳೇ ಹಿಂಜರಿಯುತ್ತಾರೆ. ಹೀಗಾಗಿ ಇವರಲ್ಲಿ ದಾಖಲಾಗುವ ವೈಫಲ್ಯ ಕೆಲವೊಮ್ಮೆ ಪೂರ್ಣವಾಗಿ ಕೊಡದ ಚಿಕಿತ್ಸೆಯ ವೈಫಲ್ಯವಾಗಿರಬಹುದು.

ಸ್ವಾಭಾವಿಕ ಗತಿಯ ಬಗ್ಗೆ ಆಧಾರ ತಕ್ಕಮಟ್ಟಿಗೆ ಗಟ್ಟಿಯಾಗಿದೆ. ರಾಧಾಕೃಷ್ಣನ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ, ಮಿನ್ನೆಸೋಟದ ರಾಚೆಸ್ಟರ್‌ನ 1976ರಿಂದ 1990ರವರೆಗಿನ 561 ರೋಗಿಗಳ ಅಧ್ಯಯನದಲ್ಲಿ ಶೇ. 26 ಮಂದಿಗೆ ಶಸ್ತ್ರಚಿಕಿತ್ಸೆಯಾಯಿತು; ಕೊನೆಯ ಭೇಟಿಯಲ್ಲಿ ಸುಮಾರು ಶೇ. 90 ಮಂದಿಗೆ ತೊಂದರೆ ಇರಲಿಲ್ಲ ಅಥವಾ ಅಲ್ಪವಾಗಿತ್ತು. ಸ್ವೀಡನ್‌ನ ಪೆರ್ಸನ್ ಮತ್ತು ಸಂಗಡಿಗರು 1997ರಲ್ಲಿ 81 ರೋಗಿಗಳನ್ನು ಶಸ್ತ್ರಚಿಕಿತ್ಸೆ, ಫಿಸಿಯೊಥೆರಪಿ, ಕಾಲರ್ ಎಂದು ಯಾದೃಚ್ಛಿಕವಾಗಿ ಹಂಚಿದರು. ಮೊದಲ ತಿಂಗಳುಗಳಲ್ಲಿ ಶಸ್ತ್ರಚಿಕಿತ್ಸೆಯ ಗುಂಪು ಮುಂದಿತ್ತು. ಸುಮಾರು ಒಂದು ವರ್ಷದ ಬಳಿಕ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಉಳಿಯಲಿಲ್ಲ.

6. ಮೂಳೆ

ಬೆಸುಗೆ ಕೂಡಬೇಕಾದರೆ ಮೂಳೆ ಒಳ್ಳೆಯದಿರಬೇಕು. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ಬಳಿಕ ಮೂಳೆ ಮುರಿತದ ಅಪಾಯದ ಬಗ್ಗೆ ಎರಡು ಪ್ರಮುಖ ಅಧ್ಯಯನಗಳು ಭಿನ್ನ ಉತ್ತರ ಕೊಡುತ್ತವೆ. ಬ್ರಿಟನ್‌ನ 2,079 ರೋಗಿಗಳ ದಾಖಲೆಗಳ ಮೇಲೆ ಲಲ್‌ಮೊಹಮದ್ ಮತ್ತು ಸಂಗಡಿಗರು 2012ರಲ್ಲಿ ಅಪಾಯದಲ್ಲಿ ಗಣನೀಯ ಹೆಚ್ಚಳವಿಲ್ಲವೆಂದರು (ಸಾಪೇಕ್ಷ ಅಪಾಯ 0.89). ಮಿನ್ನೆಸೋಟದ 258 ಮಂದಿಯ ಮೇಲೆ ನಕಮುರಾ ಮತ್ತು ಸಂಗಡಿಗರು 2014ರಲ್ಲಿ 2.3 ಪಟ್ಟು ಅಪಾಯ ವರದಿ ಮಾಡಿದರು. ವಿರೋಧ ಮೇಲ್ನೋಟದ್ದಿರಬಹುದು: ಮೊದಲನೆಯದರಲ್ಲಿ ಹೆಚ್ಚಿನವರಿಗೆ ಜಠರದ ಸುತ್ತ ಬಿಗಿಯುವ ಬ್ಯಾಂಡ್ ಹಾಕಲಾಗಿತ್ತು, ಸರಾಸರಿ ಅನುಸರಣೆ 2.2 ವರ್ಷ, ಎರಡನೆಯದರಲ್ಲಿ ಬಹುತೇಕರಿಗೆ ಬೈಪಾಸ್, ಅನುಸರಣೆ ಬಹಳ ದೀರ್ಘ. ಬೈಪಾಸ್ ಆಗಿ ಹಲವು ವರ್ಷವಾದವರಿಗೆ ಎರಡನೆಯ ಅಧ್ಯಯನವೇ ಹೆಚ್ಚು ಹೊಂದುತ್ತದೆ ಎಂಬುದು ಈ ಟಿಪ್ಪಣಿಯ ಅಭಿಪ್ರಾಯ. ವಿಟಮಿನ್ ಡಿ, ಪ್ಯಾರಾಥೈರಾಯ್ಡ್ ಹಾರ್ಮೋನು ಮತ್ತು ಮೂಳೆ ಸಾಂದ್ರತೆಯ ಪರೀಕ್ಷೆಗಳು ಬೆಸುಗೆಗೆ ಮೊದಲೇ ಆಗಬೇಕು.

4.3ರಲ್ಲಿ ಹೇಳಿದ ಪೋಷಕಾಂಶ ಮಾರ್ಗಸೂಚಿಯಂತೆ ಬೈಪಾಸ್ ಮತ್ತು ಸ್ಲೀವ್ ಆದವರಿಗೆ ದಿನಕ್ಕೆ 1,200ರಿಂದ 1,500 ಮಿಗ್ರಾಂ ಕ್ಯಾಲ್ಸಿಯಂ ಬೇಕು. ರಾಗಿ ತಿನ್ನುವವರಿಗೆ ಇದು ಚಿಂತೆಯಲ್ಲವೆಂಬ ನಂಬಿಕೆ ಇಲ್ಲಿ ಪ್ರಚಲಿತ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ 344 ಮಿಗ್ರಾಂ, 2017ರದರಲ್ಲಿ 364 ಮಿಗ್ರಾಂ ಕ್ಯಾಲ್ಸಿಯಂ ಇದೆ. ದೊಡ್ಡ ಅಂಕಿಯನ್ನೇ ಹಿಡಿದರೂ 1,200 ಮಿಗ್ರಾಂಗೆ ಸುಮಾರು 330 ಗ್ರಾಂ ಹಿಟ್ಟು ಬೇಕು. ಕುಗ್ಗಿದ ಜಠರದಲ್ಲಿ ಅಷ್ಟು ಮುದ್ದೆ ಹಿಡಿಸದು. ರಾಗಿಯ ಫೈಟೇಟ್ ಹೀರಿಕೆಯನ್ನೂ ತಗ್ಗಿಸುತ್ತದೆ. ಗುಳಿಗೆ ಅನಿವಾರ್ಯ, ಜಠರಾಮ್ಲ ಕಡಿಮೆಯಿರುವುದರಿಂದ ಕಾರ್ಬೊನೇಟ್‌ಗಿಂತ ಸಿಟ್ರೇಟ್ ರೂಪ ಲೇಸು.

7. ಶಸ್ತ್ರಚಿಕಿತ್ಸೆ ಎಂದು ನಿಶ್ಚಯವಾದಲ್ಲಿ

ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಬಿ12ರೊಳಗಿನ ಕೋಬಾಲ್ಟನ್ನು ಉತ್ಕರ್ಷಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಬಿ12 ಮೊದಲೇ ಕಡಿಮೆ ಇದ್ದವರಲ್ಲಿ ಇದು ಬೆನ್ನುಹುರಿಯ ಹಾನಿಯನ್ನು ಪ್ರಚೋದಿಸಬಲ್ಲದೆಂದು ಶಿಲ್ಲಿಂಗ್ 1986ರಲ್ಲೇ ಎಚ್ಚರಿಸಿದ್ದರು. ಶಸ್ತ್ರಚಿಕಿತ್ಸೆಯ ಬಳಿಕ ನಡಿಗೆ ಕೆಟ್ಟರೆ ತಪ್ಪು ಕುತ್ತಿಗೆಯ ಮೇಲೆ ಹೊರಿಸಲ್ಪಡುತ್ತದೆ. ಬೇರಿಯಾಟ್ರಿಕ್ ಇತಿಹಾಸವನ್ನು ಅರಿವಳಿಕೆ ತಜ್ಞರಿಗೆ ಪ್ರತ್ಯೇಕವಾಗಿ ತಿಳಿಸುವುದಕ್ಕೆ ಇದೊಂದೇ ಕಾರಣ ಸಾಕು.

ಮುಂಭಾಗದ ಶಸ್ತ್ರಚಿಕಿತ್ಸೆಯಲ್ಲಿ ಅನ್ನನಾಳವನ್ನು ಬದಿಗೆ ಸರಿಸಬೇಕಾಗುತ್ತದೆ. ನುಂಗುವ ತೊಂದರೆ ಸಾಮಾನ್ಯ. ಬಜಾಜ್ ಮತ್ತು ಸಂಗಡಿಗರ 2002ರ ವರದಿಯಂತೆ ಒಂದು ತಿಂಗಳಿಗೆ ಶೇ. 50.2, ಆರು ತಿಂಗಳಿಗೆ ಶೇ. 17.8, ಒಂದು ವರ್ಷಕ್ಕೆ ಶೇ. 12.5. ಮೊದಲೇ ಸ್ವಲ್ಪ ಸ್ವಲ್ಪವಾಗಿ ಉಣ್ಣುವವರಿಗೆ ಇದರ ಪರಿಣಾಮ ಇತರರಿಗಿಂತ ಹೆಚ್ಚಾಗುವ ಸಂಭವವಿದೆ. ವಾಂತಿಯೂ ಸೇರಿದರೆ ಥಯಮಿನ್ ಕೊರತೆ ವಾರಗಳಲ್ಲೇ ಕಾಣಬಹುದು. ಅಂಥವರಿಗೆ ಗ್ಲೂಕೋಸ್ ಏರಿಸುವ ಮೊದಲು ಥಯಮಿನ್ ಕೊಡಬೇಕು.

8. ಕಾಲ

ತೂಕ ಸಾಮಾನ್ಯವಾಗಿ 12ರಿಂದ 18 ತಿಂಗಳಲ್ಲಿ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ. ನರದ ಬುಡದ ನೋವು ಮಾತ್ರವಿದ್ದು ಕೈಬಲ ಕುಗ್ಗದಿದ್ದರೆ ಅಲ್ಲಿಯವರೆಗೆ ಕಾಯುವುದು ಸಮಂಜಸವೆನ್ನಬಹುದು. ಬೆನ್ನುಹುರಿಯ ಒತ್ತಡ ಮಧ್ಯಮ ಅಥವಾ ತೀವ್ರವಾಗಿದ್ದು, ಲಕ್ಷಣಗಳು ಚಿತ್ರದ ಮಟ್ಟಕ್ಕೆ ಹೊಂದುತ್ತಿದ್ದರೆ ತೂಕದ ನೆಪದಿಂದಾಗಲಿ ಗುಳಿಗೆಯ ಪ್ರಯೋಗಕ್ಕೆಂದಾಗಲಿ ತಿಂಗಳುಗಟ್ಟಲೆ ತಡೆಯುವುದಕ್ಕೆ ಆಧಾರವಿಲ್ಲ. ಕೊರತೆಯೂ ಒತ್ತಡವೂ ಒಬ್ಬರಲ್ಲೇ ಒಟ್ಟಿಗೆ ಇರುವುದು ಸಾಧ್ಯ. ಬಿ12 ಚುಚ್ಚುಮದ್ದನ್ನು ಪರೀಕ್ಷೆಯ ದಿನವೇ ಆರಂಭಿಸಬಹುದು. ರಕ್ತದ ಮಾದರಿಯನ್ನು ಮಾತ್ರ ಮೊದಲ ಚುಚ್ಚುಮದ್ದಿಗೆ ಮುನ್ನವೇ ತೆಗೆದಿರಬೇಕು.