ಅಪರಿಚಿತರಿಗೆ ಉತ್ತರವಿತ್ತ ಪತ್ರಿಕೆ

ಪ್ರಶ್ನೋತ್ತರದ ಕ್ರಮವು ನಮ್ಮ ಪುರಾಣಗಳಿಗೆ ಹೊಸತಲ್ಲ. ಜನಮೇಜಯನು ಕೇಳುವನು, ವೈಶಂಪಾಯನನು ಹೇಳುವನು. ಆದರೆ ಅಲ್ಲಿ ಕೇಳುವವನ ಕುಲವೇನು, ಪದವಿಯೇನು, ಅವನಿಗೆ ಈ ಸಂಶಯವು ಹುಟ್ಟಿದುದೇಕೆ ಎಂಬುದೆಲ್ಲವೂ ಹೇಳುವವನಿಗೆ ಗೊತ್ತು. ಇಬ್ಬರಲ್ಲಿ ಒಬ್ಬರಿಗೂ ಇನ್ನೊಬ್ಬರ ಹೆಸರು ತಿಳಿಯದೆ, ನಡುವೆ ಒಂದು ಅಚ್ಚಿನ ಹಾಳೆ ಮಾತ್ರ ಇದ್ದು, ಬಾಳಿನ ಗುಟ್ಟನ್ನೆಲ್ಲ ಕೇಳಿ ಹೇಳಿದ ಕಥೆಯು ಬೇರೆ. ಅದು ನಡೆದುದು ಹದಿನೇಳನೆಯ ಶತಮಾನದ ಕೊನೆಯಲ್ಲಿ, ಲಂಡನ್ ನಗರದಲ್ಲಿ.

ಆ ನಗರದಲ್ಲಿ ಜಾನ್ ಡನ್ಟನ್ ಎಂಬ ಪುಸ್ತಕ ವ್ಯಾಪಾರಿಯಿದ್ದನು. ಹುಟ್ಟಿದುದು ೧೬೫೯ರಲ್ಲಿ. ಚುರುಕು ಬುದ್ಧಿ, ಚಂಚಲ ಮನಸ್ಸು, ಬಾಯಿಬಡುಕತನ ಈ ಮೂರೂ ಅವನಲ್ಲಿ ಹೇರಳವಾಗಿದ್ದುವು. ಯಾರೋ ಒಬ್ಬರು ಅವನಿಗೆ ದೊಡ್ಡದೊಂದು ಅನ್ಯಾಯವನ್ನು ಮಾಡಿದರಂತೆ. ಅದೇ ಚಿಂತೆ ಹಗಲಿರುಳೂ ಕೊರೆಯುತ್ತಿತ್ತು. ಒಬ್ಬ ಪಾದ್ರಿಯ ಬಳಿಗೆ ಹೋಗಿ ಆಲೋಚನೆ ಕೇಳೋಣವೆಂದರೆ, ತನ್ನನ್ನೂ ಆ ಕೃತಘ್ನನನ್ನೂ ಮರೆಮಾಚುವುದು ಹೇಗೆ? ಹೀಗೆ ತೊಳಲುತ್ತ ಒಂದು ದಿನ ಸ್ನೇಹಿತರೊಡನೆ ಸೇಂಟ್ ಜಾರ್ಜ್ ಬಯಲಿನಲ್ಲಿ ನಡೆಯುತ್ತಿದ್ದವನು ಫಕ್ಕನೆ ನಿಂತು, ಐವತ್ತು ಗಿನಿ ಕೊಟ್ಟರೂ ಬಿಟ್ಟುಕೊಡಲಾರದ ಒಂದು ಯೋಚನೆ ತನಗೆ ಹೊಳೆಯಿತೆಂದು ಹೇಳಿದನಂತೆ. ಯಾರು ಬೇಕಾದರೂ ಹೆಸರಿಲ್ಲದೆ ಪ್ರಶ್ನೆ ಬರೆದು ಕಳುಹಿಸಲಿ, ಉತ್ತರವು ಅಚ್ಚಾಗಿ ಬರಲಿ: ಇದೇ ಆ ಯೋಚನೆ. ಅಂದಮೇಲೆ ಈ ಪತ್ರಿಕೆಯ ಪ್ರಥಮ ಪೃಚ್ಛಕನು ಅದರ ಸ್ಥಾಪಕನೇ ಸರಿ.

೧೬೯೧ನೆಯ ಮಾರ್ಚ್ ೧೭ರಂದು ಮೊದಲನೆಯ ಸಂಚಿಕೆಯು ಹೊರಟಿತು. (ಅಂದಿನ ಇಂಗ್ಲೆಂಡಿನಲ್ಲಿ ಮಾರ್ಚ್ ೨೫ಕ್ಕೆ ಹೊಸ ವರ್ಷವಾದುದರಿಂದ ಅವರ ಲೆಕ್ಕದಲ್ಲಿ ಅದಿನ್ನೂ ೧೬೯೦.) ‘ಅಥೀನಿಯನ್ ಮರ್ಕ್ಯುರಿ’ ಎಂಬುದು ಅದಕ್ಕೆ ನಿಂತ ಹೆಸರು. ಅಥೆನ್ಸಿನ ಜನರು ಹೊಸ ಸಂಗತಿಯನ್ನು ಹೇಳುವುದರಲ್ಲಿ, ಕೇಳುವುದರಲ್ಲಿ ಕಾಲ ಕಳೆಯುತ್ತಿದ್ದರೆಂದು ಕ್ರೈಸ್ತರ ಧರ್ಮಗ್ರಂಥದಲ್ಲಿ ಬರುವ ಮಾತೇ ಇದಕ್ಕೆ ಮೂಲ. ಒಂದೇ ಹಾಳೆ, ಎರಡು ಮಗ್ಗುಲಲ್ಲಿಯೂ ಅಚ್ಚು, ಬೆಲೆ ಒಂದು ಪೆನ್ನಿ. ಪ್ರಶ್ನೆಗಳನ್ನು ಸ್ಮಿತ್ ಎಂಬವನ ಕಾಫಿ ಅಂಗಡಿಯ ವಿಳಾಸಕ್ಕೆ ಕಳುಹಿಸಬೇಕು. ವಿಲಿಯಮ್ ಡಾಕ್ರಾ ಎಂಬವನು ೧೬೮೦ರಲ್ಲಿ ಏರ್ಪಡಿಸಿದ್ದ ಪೆನ್ನಿ ಅಂಚೆಯಿಂದ ನಗರದ ಯಾವ ಮೂಲೆಯಿಂದಲಾದರೂ ಒಂದು ಪೆನ್ನಿಗೆ ಕಾಗದವು ಹೋಗುತ್ತಿದ್ದಿತು. ಈ ಅಂಚೆಯಿಲ್ಲದಿದ್ದರೆ ಡನ್ಟನ್ನನ ಯೋಚನೆಯು ಬಯಲಿನಲ್ಲಿಯೇ ಬಯಲಾಗುತ್ತಿತ್ತೆಂದು ನನಗೆ ತೋರುತ್ತದೆ.

ಕಾಗದಗಳು ಪ್ರವಾಹದಂತೆ ಬಂದುವು. ಚಂದ್ರನಲ್ಲಿ ಕಲೆಗಳೇಕೆ? ಆರಿದ ಬೆಂಕಿಯು ಎಲ್ಲಿಗೆ ಹೋಗುವುದು? ಗಂಡನು ಹೆಂಡತಿಯನ್ನು ಹೊಡೆಯುವುದು ನ್ಯಾಯವೇ? ಕುದುರೆಯ ಲದ್ದಿಯು ಚೌಕಾಕಾರವಾಗಿರುವುದೇಕೆಂದು ಕೇಳಿದ ಮಹನೀಯನೂ ಒಬ್ಬನುಂಟು. ವಿಜ್ಞಾನವೂ ಸಂಸಾರವೂ ಒಂದೇ ಅಂಕಣದಲ್ಲಿ ಮೈಗೆ ಮೈ ತಾಗಿಸಿ ಕುಳಿತಿದ್ದುವು. ಇದನ್ನು ನೋಡಿ ನಗುವುದು ಸುಲಭ. ಆದರೆ ಆ ಕಾಲದ ಲಂಡನ್ನಿನ ಸ್ಥಿತಿಯನ್ನು ನೆನೆಯಬೇಕು. ಸುಮಾರು ಐದು ಲಕ್ಷ ಜನರ ಆ ನಗರದಲ್ಲಿ ಊರು ಬಿಟ್ಟು ಬಂದ ತರುಣರು, ಕಸುಬು ಕಲಿಯುವ ಹುಡುಗರು, ಮನೆಗೆಲಸದ ಹೆಣ್ಣುಮಕ್ಕಳು ತುಂಬಿದ್ದರು. ಹಿರಿಯರು ದೂರದ ಹಳ್ಳಿಗಳಲ್ಲಿ. ಪಾದ್ರಿಯ ಕಿವಿಯಲ್ಲಿ ಪಾಪವನ್ನು ಹೇಳಿಕೊಳ್ಳಲೇಬೇಕೆಂಬ ಹಳೆಯ ಕಟ್ಟಳೆಯು ಮತಸುಧಾರಣೆಯೊಡನೆ ತಪ್ಪಿಹೋಗಿದ್ದಿತು. ಇತ್ತ ಮದುವೆಯ ಕಾನೂನೋ, ೧೭೫೩ರ ಶಾಸನವು ಬರುವವರೆಗೆ ಬಹಳ ತೊಡಕಿನದು. ಸಾಕ್ಷಿಯಿಲ್ಲದೆ ಇಬ್ಬರೇ ಕೊಟ್ಟುಕೊಂಡ ಮಾತು ಕೂಡ ಕಟ್ಟಾಗಿ ಪರಿಣಮಿಸಬಹುದಾಗಿದ್ದಿತು. ಆದುದರಿಂದ, ಒಬ್ಬಳಿಗೆ ಗುಟ್ಟಾಗಿ ಮಾತು ಕೊಟ್ಟು ಇನ್ನೊಬ್ಬಳಲ್ಲಿ ಮನಸ್ಸಿಟ್ಟ ತರುಣನ ಪ್ರಶ್ನೆಯು ಬರಿಯ ಕುತೂಹಲದ್ದಲ್ಲ. ಯಾರನ್ನು ಕೇಳಿದರೆ ಗುಟ್ಟು ಹೊರಗೆ ಬೀಳುವುದೋ ಅವರನ್ನು ಅವನು ಕೇಳಲಾರನು. ತನ್ನನ್ನು ಬಲ್ಲವರು ಎಲ್ಲರೂ ಅಂಥವರೇ.

ಹೆಂಗಸರೂ ಪ್ರಶ್ನೆ ಕಳುಹಿಸಬಹುದೇ ಎಂದು ಒಬ್ಬ ಮಹಿಳೆಯು ಮೊದಲ ವರ್ಷದಲ್ಲಿಯೇ ಬರೆದಳು. ಅಗತ್ಯವಾಗಿ ಕಳುಹಿಸಬಹುದೆಂದು ಉತ್ತರ ಬಂದಿತು. ತಿಂಗಳ ಮೊದಲನೆಯ ಮಂಗಳವಾರವನ್ನು ಅವರಿಗಾಗಿ ಮೀಸಲಿಡುವೆವೆಂದೂ ಪ್ರಕಟಿಸಿದರು. ಸ್ತ್ರೀಯರು ವಿದ್ಯಾವತಿಯರಾಗುವುದು ಉಚಿತವೇ ಎಂಬುದಕ್ಕೆ, ಆಗಬಾರದೆನ್ನುವುದಕ್ಕೆ ಕಾರಣವೇ ಕಾಣದೆಂದರು. ೧೬೯೧ರಲ್ಲಿ ಇಷ್ಟು ಹೇಳಿದುದು ಸಣ್ಣ ಮಾತಲ್ಲ.

ಈಗ ಉತ್ತರ ಕೊಡುವವರ ಕಡೆಗೆ ತಿರುಗೋಣ. ‘ಅಥೀನಿಯನ್ ಸಂಘ’ವೆಂಬ ವಿದ್ವನ್ಮಂಡಲಿಯೊಂದುಂಟು, ಅದರಲ್ಲಿ ದೇವತಾಶಾಸ್ತ್ರಜ್ಞರು, ವೈದ್ಯರು, ನ್ಯಾಯವಾದಿಗಳು, ಕವಿಗಳು ಇರುವರೆಂದು ಸಾರಲಾಗಿದ್ದಿತು. ೧೬೯೨ರಲ್ಲಿ ಚಾರ್ಲ್ಸ್ ಗಿಲ್ಡನ್ ಎಂಬವನು ಆ ಸಂಘದ ಚರಿತ್ರೆಯನ್ನೇ ಬರೆದನು. ಬರೆಯಿಸಿದವನು ಡನ್ಟನ್. ಅದೇ ವರ್ಷ ಜೊನಾಥನ್ ಸ್ವಿಫ್ಟ್ ಎಂಬ ತರುಣನು ಈ ಅಜ್ಞಾತ ಪಂಡಿತರನ್ನು ಹೊಗಳಿ ಒಂದು ದೀರ್ಘ ಕವನವನ್ನು ಕಳುಹಿಸಿದನು. ಮುಂದೆ ಜಗತ್ತಿನ ಡಾಂಭಿಕತೆಯನ್ನೆಲ್ಲ ಸೀಳಿ ತೋರಿಸಿದ ಲೇಖಕನ ಮೊತ್ತಮೊದಲು ಅಚ್ಚಾದ ಕವಿತೆಯು, ಇಲ್ಲದ ಸಂಘವೊಂದರ ಸ್ತೋತ್ರ! ಏಕೆಂದರೆ ಸಂಘದಲ್ಲಿ ಇದ್ದವರು ಮುಖ್ಯವಾಗಿ ಮೂವರೇ: ಡನ್ಟನ್, ಗಣಿತ ಹೇಳಿಕೊಡುತ್ತಿದ್ದ ರಿಚರ್ಡ್ ಸಾಲ್ಟ್, ಡನ್ಟನ್ನನ ನಾದಿನಿಯ ಗಂಡನಾದ ಸ್ಯಾಮ್ಯುಯಲ್ ವೆಸ್ಲಿ ಎಂಬ ಬಡ ಪಾದ್ರಿ. ಮತಪ್ರವರ್ತಕನಾದ ಜಾನ್ ವೆಸ್ಲಿಯ ತಂದೆಯೇ ಈತನು. ಜಾನ್ ನಾರಿಸ್ ಎಂಬ ತತ್ತ್ವಜ್ಞನು ಆಗಾಗ ನೆರವಾಗುತ್ತಿದ್ದನು. ೧೬೯೧ರ ಏಪ್ರಿಲಿನಲ್ಲಿ ಮೂವರಿಗೂ ಕರಾರುಪತ್ರವಾಯಿತು. ಲಂಡನ್ನಿನ ಮಹಾಸಂಘದ ಮೂರನೆಯ ಒಂದು ಪಾಲು ಅದೇ ವರ್ಷ ಲಿಂಕನ್‌ಷೈರಿನ ಹಳ್ಳಿಯೊಂದರ ಚರ್ಚಿಗೆ ವರ್ಗವಾಗಿ ಹೋಯಿತು.

ಇದು ವಂಚನೆಯೇ? ಒಂದು ದೃಷ್ಟಿಯಿಂದ ಹೌದು. ಇಲ್ಲದ ವೈದ್ಯನ ಹೆಸರಿನಲ್ಲಿ ಕೊಟ್ಟ ಮದ್ದನ್ನು ಯಾರಾದರೂ ಕುಡಿದಿದ್ದರೆ ಹೊಣೆ ಯಾರದು? ಸರ್ವಜ್ಞತ್ವದ ವೇಷ ಹಾಕಿದವನು ತಿಳಿಯದೆಂದು ಹೇಳಿ ಸುಮ್ಮನಿರಬೇಕಾದ ಕಡೆಯಲ್ಲಿಯೂ ಬಾಯಿ ತೆರೆಯಬೇಕಾಗುತ್ತದೆ. ಕಪ್ಪು ಬಣ್ಣದವರು ಅಂತ್ಯದಿನದಲ್ಲಿ ಅದೇ ಬಣ್ಣದಿಂದ ಏಳುವರೇ ಎಂದು ಒಬ್ಬನು ಕೇಳಿದ್ದಕ್ಕೆ, ಆ ಬಣ್ಣವನ್ನು ಗೋರಿಯ ಕತ್ತಲೆಯಲ್ಲಿಯೇ ಬಿಟ್ಟು ಉತ್ತಮವಾದುದನ್ನು ಪಡೆದು ಏಳುವರೆಂದು ಸಂಘವು ಅಪ್ಪಣೆ ಕೊಡಿಸಿತು. ಆಫ್ರಿಕದ ಜನರನ್ನು ಇಂಗ್ಲಿಷರು ಹಡಗಿನಲ್ಲಿ ತುಂಬಿ ಮಾರುತ್ತಿದ್ದ ಕಾಲವದು. ಇಂಥ ಉತ್ತರವನ್ನು ಕ್ಷಮಿಸುವುದು ಕಷ್ಟ.

ಆದರೂ ಸಂಸಾರದ ಪ್ರಶ್ನೆಗಳಲ್ಲಿ ನನಗೆ ಇನ್ನೊಂದು ತೋರುತ್ತದೆ. ಅಲ್ಲಿ ಬೇಕಾದುದು ಹನ್ನೆರಡು ಶಾಸ್ತ್ರಿಗಳ ಪಾಂಡಿತ್ಯವಲ್ಲ. ಕೇಳಿದವನನ್ನು ಹೀಯಾಳಿಸದೆ, ಅವನ ಸಂಗತಿಯನ್ನು ಒಮ್ಮೆ ಪೂರ್ತಿಯಾಗಿ ಓದಿ, ಎರಡು ಪಕ್ಷಗಳನ್ನೂ ತೂಗಿ ನೋಡುವ ತಾಳ್ಮೆ. ಅದಕ್ಕೆ ಮೂವರು ಸಾಕು. ಅವರು ಷಡ್ಡಕರಾಗಿದ್ದರೂ ಬಾಧಕವಿಲ್ಲ. ಕೆಲವು ಕಡೆ ಕುಚೇಷ್ಟೆಯ ಉತ್ತರಗಳುಂಟು, ಕೆಲವು ಕಡೆ ಉಪದೇಶವು ಅತಿಯಾದುದೂ ಉಂಟು. ಒಟ್ಟಿನಲ್ಲಿ ಸುಮಾರು ಆರು ಸಾವಿರ ಪ್ರಶ್ನೆಗಳಿಗೆ ಅವರು ಉತ್ತರ ಹೇಳಿದರು. ಟಾಮ್ ಬ್ರೌನ್ ಎಂಬವನು ೧೬೯೨ರಲ್ಲಿ ಪ್ರತಿಸ್ಪರ್ಧಿ ಪತ್ರಿಕೆಯನ್ನು ಹೂಡಿದನು. ಮರುವರ್ಷ ಎಲ್ಕಾನ ಸೆಟ್ಲ್ ಒಂದು ಪ್ರಹಸನವನ್ನು ಬರೆದು ಅಣಕಿಸಿದನು. ಪತ್ರಿಕೆಯು ನಡುವೆ ಒಮ್ಮೆ ನಿಂತು, ಮತ್ತೆ ಕೆಲವು ದಿನ ನಡೆದು, ೧೬೯೭ರಲ್ಲಿ ಮುಗಿಯಿತು.

ಉಪದೇಶಕರ ಗತಿಯೇನಾಯಿತು? ವೆಸ್ಲಿಯು ೧೭೦೫ರಲ್ಲಿ ಸಾಲ ತೀರಿಸಲಾರದೆ ಲಿಂಕನ್ನಿನ ಸೆರೆಮನೆಯನ್ನು ಸೇರಿದನು. ಡನ್ಟನ್ನನಿಗೆ ೧೬೯೭ರಲ್ಲಿಯೇ ಪತ್ನಿವಿಯೋಗವಾಯಿತು. ಆಕೆಯೊಡನೆ ಅನ್ಯೋನ್ಯವಾಗಿ ಬಾಳಿದ್ದವನು ಅದೇ ವರ್ಷ ಎರಡನೆಯ ಮದುವೆ ಮಾಡಿಕೊಂಡನು. ತನ್ನ ಸಾಲವನ್ನು ಅತ್ತೆಯು ತೀರಿಸುವಳೆಂದು ನಂಬಿದ್ದನು. ಅವಳು ಒಪ್ಪಲಿಲ್ಲ, ದಂಪತಿಗಳು ಬೇರೆಯಾದರು. ಇಂಥ ಮದುವೆಯ ವಿಷಯವಾಗಿ ಯಾವನಾದರೂ ತರುಣನು ಕಾಫಿ ಅಂಗಡಿಗೆ ಕಾಗದ ಬರೆದಿದ್ದರೆ ಅವನಿಗೆ ಏನು ಉತ್ತರ ಬರುತ್ತಿದ್ದಿತೋ ಊಹಿಸಬಹುದು. ಡನ್ಟನ್ನನು ಸಾಲಗಾರರಿಗೆ ತಲೆತಪ್ಪಿಸಿಕೊಂಡು ತಿರುಗುತ್ತ ತನ್ನ ಬಾಳನ್ನೂ ಅದರ ತಪ್ಪುಗಳನ್ನೂ ಕುರಿತು ಒಂದು ಪುಸ್ತಕವನ್ನು ಬರೆದು ೧೭೦೫ರಲ್ಲಿ ಪ್ರಕಟಿಸಿದನು. ಕಂಡವರ ಗುಣದೋಷಗಳನ್ನೆಲ್ಲ ಅದರಲ್ಲಿ ಹೆಸರಿಡಿದು ಬರೆದಿರುವನು. ಸೇಂಟ್ ಜಾರ್ಜ್ ಬಯಲಿನ ಆ ದಿನದ ಕಥೆಯೂ ಅಲ್ಲಿಯೇ ಇರುವುದು. ಅನ್ಯಾಯ ಮಾಡಿದವನ ಹೆಸರನ್ನು ಮಾತ್ರ ಅಲ್ಲಿಯೂ ಹೇಳಲಿಲ್ಲ.