ಊಡ್ನಡಾಟಾ ದಾರಿಯ ಪೂರ್ವವೃತ್ತಾಂತ

ಸರಕನ್ನು ಹೇರಿಕೊಂಡು ಒಟ್ಟಾಗಿ ದೂರದೇಶಕ್ಕೆ ನಡೆಯುವ ವರ್ತಕರ ತಂಡಕ್ಕೆ ಸಾರ್ಥವೆಂದು ಹೆಸರೆಂಬುದನ್ನು ವಾಚಕರು ಬಲ್ಲರು. ಪಾರಸಿಯಲ್ಲಿ ಇದನ್ನೇ ‘ಕಾರವಾನ್’ ಎನ್ನುವರು. ಆ ಶಬ್ದವು ಇಂಗ್ಲಿಷಿಗೆ ಹೋಗಿ, ಈಗ ಮೋಟಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿಗೂ ಸಲ್ಲುತ್ತಿದೆ. ಆಸ್ಟ್ರೇಲಿಯದ ಒಳನಾಡಿನಲ್ಲಿ ಈ ಎರಡು ಬಗೆಯ ಸಾರ್ಥಗಳೂ ಒಂದೇ ದಾರಿಯನ್ನು ತುಳಿದಿರುವುದು ವಿಶೇಷವಾಗಿದೆ.

ದಕ್ಷಿಣ ಆಸ್ಟ್ರೇಲಿಯ ಸಂಸ್ಥಾನದ ಮರ್ರೀ ಎಂಬ ಪುಟ್ಟ ಊರಿನಿಂದ ವಿಲಿಯಂ ಕ್ರೀಕ್, ಊಡ್ನಡಾಟಾಗಳನ್ನು ಹಾಯ್ದು ಮಾರ್ಲಾವರೆಗೆ ಸುಮಾರು 600 ಕಿಲೊಮೀಟರಿನ ಮಣ್ಣುದಾರಿಯುಂಟು. ಬೇಸಗೆಯ ಉರಿ ತಗ್ಗಿದ ತಿಂಗಳುಗಳಲ್ಲಿ ಎಷ್ಟೋ ಕುಟುಂಬಗಳು ಮನೆಗಾಡಿಗಳೊಡನೆ ಈ ದಾರಿಯಲ್ಲಿ ವಿನೋದಯಾತ್ರೆ ಮಾಡುವುವು. ಮಳೆಯೇ ಅಪರೂಪವಾದ ಇಂತಹ ನೆಲದಲ್ಲಿ ಊರುಗಳು ಹೇಗೆ ಹುಟ್ಟಿದುವು ಎಂದು ಯಾತ್ರಿಕನು ಆಶ್ಚರ್ಯಪಡುವುದು ಸಹಜವೇ. ಅದಕ್ಕೆ ಉತ್ತರವು ನೆಲದ ಅಡಿಯಲ್ಲಿದೆ. ಅಲ್ಲಿನ ವಿಶಾಲವಾದ ಅಂತರ್ಜಲವು ಒತ್ತಡದಿಂದ ಮೇಲೆದ್ದು, ಬುಗ್ಗೆಗಳ ಸಾಲಾಗಿ ಹೊರಹೊಮ್ಮುತ್ತದೆ.

ಈ ಬುಗ್ಗೆಗಳನ್ನು ಮೊದಲು ಬಲ್ಲವರು ಅರಬಾನಾ ಮೊದಲಾದ ಮೂಲನಿವಾಸಿಗಳು. ಫ್ಲಿಂಡರ್ಸ್ ಬೆಟ್ಟಗಳ ಕೆಮ್ಮಣ್ಣಿಗಾಗಿ ದೂರದ ಬುಡಕಟ್ಟಿನವರು ನಡೆದು ಬರುತ್ತಿದ್ದುದೂ ನೀರಿನ ನೆಲೆಗಳನ್ನು ಹಿಡಿದೇ. ಸ್ಟುವರ್ಟ್ ಎಂಬ ಅನ್ವೇಷಕನು 1859ರಿಂದ ಈ ನೀರನ್ನು ಅನುಸರಿಸಿ ಸಾಗಿ, 1862ರಲ್ಲಿ ಉತ್ತರದ ಕಡಲನ್ನು ಮುಟ್ಟಿದನು. 1872ರಲ್ಲಿ ಮುಗಿದ ತಂತಿಯ ಮಾರ್ಗವು ಅವನ ಹೆಜ್ಜೆಯನ್ನೇ ಹಿಡಿಯಿತು. ಹಬೆಯ ಯಂತ್ರಕ್ಕೂ ನೀರು ಬೇಕಷ್ಟೆ. ಆದುದರಿಂದ ರೈಲೂ ಅದೇ ಜಾಡಿನಲ್ಲಿ 1884ರಲ್ಲಿ ಮರ್ರೀಯನ್ನೂ 1891ರಲ್ಲಿ ಊಡ್ನಡಾಟಾವನ್ನೂ ಸೇರಿತು.

ರೈಲು ನಿಂತಲ್ಲಿಂದ ಮುಂದಕ್ಕೆ ಸರಕನ್ನು ಹೊತ್ತವು ಒಂಟೆಗಳು. 1866ರಲ್ಲಿ ಥಾಮಸ್ ಎಲ್ಡರ್ ಎಂಬ ವರ್ತಕನು ನೂರಕ್ಕೂ ಮೇಲ್ಪಟ್ಟು ಒಂಟೆಗಳನ್ನೂ ಅವುಗಳೊಡನೆ ಒಂಟೆಯಾಳುಗಳನ್ನೂ ಕರಾಚಿಯಿಂದ ತರಿಸಿದನು. ಬಳಿಕ ಬಲೂಚಿಸ್ಥಾನ, ಸಿಂಧ್, ಪಂಜಾಬ್, ರಜಪುತಾನಗಳಿಂದಲೂ ಆಫ್ಘಾನಿಸ್ಥಾನದಿಂದಲೂ ಜನರು ಬಂದರು. ಆದರೂ ಎಲ್ಲರಿಗೂ ‘ಆಫ್ಘಾನರು’ ಎಂಬ ಒಂದೇ ಹೆಸರು ಅಂಟಿತು. 1870ರಿಂದ 1920ರವರೆಗೆ ಹೀಗೆ ಬಂದವರು ಎರಡರಿಂದ ನಾಲ್ಕು ಸಾವಿರವೆಂದು ಅಂದಾಜು. ಒಂದು ಸಾಲಿನಲ್ಲಿ 70 ಒಂಟೆಗಳವರೆಗೆ ಇರುತ್ತಿದ್ದುವು. ಬಲವಾದ ಒಂಟೆಯು 400 ಕಿಲೊಗ್ರಾಮಿಗೂ ಮಿಕ್ಕ ಭಾರವನ್ನು ಹೊರುತ್ತಿತ್ತು. ಹಿಟ್ಟು, ಸಕ್ಕರೆ, ಚಹಾ ಒಳನಾಡಿಗೆ ಹೋಗುವುವು; ಕುರಿಯ ಉಣ್ಣೆ ಹಿಂದಕ್ಕೆ ಬರುವುದು. ಈ ಶ್ರಮವಿಲ್ಲದಿದ್ದರೆ ಆ ಊರುಗಳು ಬಾಳುತ್ತಿರಲಿಲ್ಲ.

ಆದರೆ ಅನ್ನವನ್ನು ಹೊತ್ತು ತಂದವನಿಗೆ ಪಂಕ್ತಿಯಲ್ಲಿ ಎಡೆ ದೊರೆಯಲಿಲ್ಲ. ಮರ್ರೀಯಲ್ಲಿ ರೈಲುಹಳಿಯೇ ಗಡಿಯಾಯಿತು: ಒಂದು ಕಡೆ ಬಿಳಿಯರು, ಇನ್ನೊಂದು ಕಡೆ ಆಫ್ಘಾನರೂ ಮೂಲನಿವಾಸಿಗಳೂ. ಆ ಕಡೆಯಲ್ಲಿ ಪುಟ್ಟದೊಂದು ಮಸೀದಿಯೂ ಖರ್ಜೂರದ ಮರಗಳೂ ಎದ್ದುವು. 1901ರ ಶಾಸನವು ಹೊಸಬರ ಪ್ರವೇಶವನ್ನು ತಡೆಯಿತು. 1903ರ ಶಾಸನವು ಏಷ್ಯಾದವರು ಪೌರತ್ವವನ್ನು ಬೇಡುವ ಬಾಗಿಲನ್ನೇ ಮುಚ್ಚಿತು. ಮೋಟಾರು ಬಂದ ಮೇಲೆ ಒಂಟೆಯೂ ಬೇಡವಾಯಿತು; 1925ರಲ್ಲಿ ದಕ್ಷಿಣ ಆಸ್ಟ್ರೇಲಿಯವು ಒಂಟೆಗಳ ಸಂಹಾರಕ್ಕೆಂದೇ ಕಾಯಿದೆಯನ್ನು ಮಾಡಿತು. ಎಷ್ಟೋ ಮಂದಿ ಒಡೆಯರು ತಾವು ಸಾಕಿದ ಪ್ರಾಣಿಯನ್ನು ಗುಂಡಿಗೆ ಒಪ್ಪಿಸಲಾರದೆ ಕಾಡಿಗೆ ಬಿಟ್ಟರು. ಅವುಗಳ ಸಂತತಿಯು ಇಂದಿಗೂ ಮರುಭೂಮಿಯಲ್ಲಿ ಅಲೆಯುತ್ತಿದೆ.

1929ರಲ್ಲಿ ರೈಲು ಅಲಿಸ್ ಸ್ಪ್ರಿಂಗ್ಸ್ ಪಟ್ಟಣಕ್ಕೆ ಮುಟ್ಟಿತು. ಅದಕ್ಕೆ ‘ಘಾನ್’ ಎಂಬ ಹೆಸರು ಈ ಒಂಟೆಯಾಳುಗಳಿಂದಲೇ ಬಂದಿತೆಂದು ಸಾಮಾನ್ಯವಾಗಿ ಹೇಳುವರು. 1980ರಲ್ಲಿ ಹಳೆಯ ಮಾರ್ಗವನ್ನು ಮುಚ್ಚಿ, ಬೇರೆಡೆ ಹೊಸ ಹಳಿಯನ್ನು ಹಾಕಿದರು. ಹೆಸರು ಮಾತ್ರ ಹೊಸ ರೈಲಿಗೂ ಸಂದಿತು. ಅರಬಾನಾ ಜನರಿಗೆ ತಮ್ಮ ನೆಲದ ಮೇಲಿನ ಹಕ್ಕನ್ನು ನ್ಯಾಯಾಲಯವು ಮನ್ನಿಸಿದುದು 2012ರಲ್ಲಿ.

ಇಂದು ಮನೆಗಾಡಿಯ ಯಾತ್ರಿಕನು ಹಳಿ ಕಿತ್ತ ದಿಬ್ಬವನ್ನೂ ಪಾಳುಬಿದ್ದ ತಂತಿಯ ಠಾಣೆಯನ್ನೂ ನೋಡಿ ಮುಂದೆ ಸಾಗುವನು. ಆ ಕಲ್ಲುಗೋಡೆಗಳು ಕಟ್ಟಿಸಿದವರ ಮಾತನ್ನು ಹೇಳುತ್ತವೆ. ಬುಗ್ಗೆಯನ್ನು ಮೊದಲು ಕಂಡವರ ಹಾಗೂ ಮೂಟೆಯನ್ನು ಹೊರಿಸಿ ನಡೆದವರ ಮಾತನ್ನು ಹೇಳುವ ಕೆಲಸವು ಚರಿತ್ರೆಯನ್ನು ಬರೆಯುವವರ ಪಾಲಿಗೆ ಉಳಿದಿದೆ.