ಸಂಸ್ಕಾರ (ಚಲನಚಿತ್ರ)

1970ರ ಕಪ್ಪು-ಬಿಳುಪು ಕನ್ನಡ ಚಿತ್ರ. ಆಧಾರ ಯು.ಆರ್. ಅನಂತಮೂರ್ತಿಯವರ 1965ರ ಕಾದಂಬರಿ. ಚಿತ್ರಕಥೆ ಗಿರೀಶ ಕಾರ್ನಾಡ್, ನಿರ್ದೇಶನ ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ. 1962ರಲ್ಲಿ ನ್ಯೂಯಾರ್ಕಿನ ಚಿತ್ರನಿರ್ದೇಶಕ ಜೋನಸ್ ಮೇಕಸ್ ಮತ್ತು ಸಂಗಡಿಗರು ಸಹಕಾರ ಸಂಘ ಕಟ್ಟಿ, ಸ್ಟುಡಿಯೊಗಳ ಹಂಗಿಲ್ಲದೆ ಚಿತ್ರ ಹಂಚತೊಡಗಿದ್ದರು; ‘ಭೂಗತ’ (ಅಂಡರ್‌ಗ್ರೌಂಡ್) ಸಿನಿಮಾ ಎನಿಸಿಕೊಂಡ ಚಳವಳಿ ಅದು. ಕನ್ನಡದಲ್ಲಿ ಅಂಥ ಚಳವಳಿಗೆ ತಯಾರಿಕೆಯ ರೀತಿಯಲ್ಲಿ ಹತ್ತಿರ ನಿಲ್ಲುವುದು ‘ಸಂಸ್ಕಾರ’. ಕಥನ ಮಾತ್ರ ಸಾಕಷ್ಟು ನೇರವಾದದ್ದೇ.

ತಂಡದಲ್ಲಿ ಗಾಂಧಿನಗರದ ಚಿತ್ರೋದ್ಯಮದವರಿಗಿಂತ ಹೊರಗಿನವರೇ ಹೆಚ್ಚು. ನಟವರ್ಗದಲ್ಲಿ ಮದ್ರಾಸ್ ಪ್ಲೇಯರ್ಸ್ ನಾಟಕ ತಂಡದವರು, ಛಾಯಾಗ್ರಹಣಕ್ಕೆ ಆಸ್ಟ್ರೇಲಿಯದ ಟಾಮ್ ಕೋವನ್, ಕಲಾ ನಿರ್ದೇಶನಕ್ಕೆ ಚಿತ್ರಕಾರ ಎಸ್.ಜಿ. ವಾಸುದೇವ್, ಸಂಗೀತಕ್ಕೆ ಸರೋದ್ ವಾದಕ ರಾಜೀವ ತಾರಾನಾಥ್. ಪ್ರಾಣೇಶಾಚಾರ್ಯನಾಗಿ ಕಾರ್ನಾಡ್, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿ ನಟಿಸಿದರು. ಚಿತ್ರೀಕರಣ ನಡೆದದ್ದು ಶೃಂಗೇರಿ ಬಳಿಯ ವೈಕುಂಠಪುರದಲ್ಲಿ. ನಿಜವಾದ ಅಗ್ರಹಾರದ ಬೀದಿ, ಅಲ್ಲಿನ ಬೆಳಕು ಕತೆಗೆ ಕೊಟ್ಟ ತೂಕವನ್ನು ಯಾವ ಸೆಟ್ಟೂ ಕೊಡುತ್ತಿರಲಿಲ್ಲ.

ಜಾತಿ ವೈಷಮ್ಯ ಕೆರಳೀತೆಂದು ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಯಿತು. ಕೇಂದ್ರ ಸರ್ಕಾರ ತಡೆ ತೆರವುಗೊಳಿಸಿತು. ತಡೆಯುಂಡ ಚಿತ್ರಕ್ಕೇ 1970ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು; ಕನ್ನಡಕ್ಕೆ ಆ ಮನ್ನಣೆ ಮೊದಲನೆಯದು. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ ಬಂಧಿತರಾಗಿ ಬೆಂಗಳೂರು ಸೆರೆಮನೆಯಲ್ಲಿದ್ದ ಸ್ನೇಹಲತಾ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.